ಹಸು ಕಟ್ಟಿದ ಮನೆಯ ಹಿತ್ತಲಲ್ಲಿ ನಿತ್ಯಹಸಿರು ಹಣ್ಣಿನ ಮರ

(ಒಕ್ಕೂಟದ ತರಬೇತಿ ಕೇಂದ್ರದಲ್ಲಿ ನಡೆದ ಮಹಿಳಾ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಚ್ಚಲು ಬಾವು, ಕರುವಿನ ಪೋಷಣೆ, ಹಸಿರು ಮೇವು ಎಂದು ನಿನ್ನೆಯಿಂದ ತಾವು ಬಹಳ ಕೇಳಿದ್ದೀರಿ. ಈಗ ಗಿಡದ ಮಾತು. ಊಟದ ಹೊತ್ತಿನಲ್ಲಿ ಒಬ್ಬರು ತಾಯಿ ನನ್ನನ್ನು ಕೇಳಿದರು, "ಹಾಲಿನ ಸಂಘಕ್ಕೂ ಹಣ್ಣಿನ ಮರಕ್ಕೂ ಏನು ಸಾರ್ ಸಂಬಂಧ?" ಎಂದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದೇ ಈ ಹೊತ್ತಿನ ನನ್ನ ಕೆಲಸ.

ಹಸು ಇರುವ ಮನೆಯಲ್ಲಿ ಗೊಬ್ಬರಕ್ಕೆ ಬರವಿಲ್ಲ. ಕೊಟ್ಟಿಗೆ ತೊಳೆದ ನೀರು ದಿನವೂ ಹೊರಗೆ ಹರಿಯುತ್ತದೆ. ಆದರೂ ನಮ್ಮ ಎಷ್ಟೋ ಸದಸ್ಯರ ಹಿತ್ತಲಲ್ಲಿ ಒಂದು ನಿಂಬೆ ಗಿಡ ನೆಟ್ಟಗೆ ಬಂದಿಲ್ಲ. ನೆಟ್ಟಿರುತ್ತಾರೆ, ಎರಡು ವರ್ಷ ಚೆನ್ನಾಗಿರುತ್ತದೆ, ಮೂರನೆಯ ವರ್ಷ ಎಲೆ ಹಳದಿಯಾಗಿ ಒಣಗುತ್ತದೆ. "ನಮ್ಮ ಮಣ್ಣಿಗೆ ಆಗಿಬರುವುದಿಲ್ಲ" ಎಂದು ಕೈ ಬಿಡುತ್ತಾರೆ. ಸಾಮಾನ್ಯವಾಗಿ ತಪ್ಪು ಮಣ್ಣಿನದಲ್ಲ. ನಮ್ಮ ಹಿತ್ತಲಿನ ಮರ ಸಾಯುವುದು ಕೊರತೆಯಿಂದಲ್ಲ, ಅತಿಯಿಂದ. ಇದು ಮೊದಲ ಮಾತು. ಮರಕ್ಕೆ ನಾವು ಹಾಕುವುದೆಲ್ಲ ಅದರ ಬುಡದ ಹುಲ್ಲಿನ ಮೂಲಕ ಹಸುವಿನ ಬಾಯಿಗೂ, ಅಲ್ಲಿಂದ ಹಾಲಿನ ಕ್ಯಾನಿಗೂ ಬರಬಹುದು. ಇದು ಎರಡನೆಯ ಮಾತು. ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

ಯಾವ ಮರ ನೆಡಬೇಕು?

ಹಣ್ಣಿನ ಮರಗಳಲ್ಲಿ ಎರಡು ಜಾತಿ. ಸೀತಾಫಲ, ಅಂಜೂರ, ಬೆಟ್ಟದ ನೆಲ್ಲಿ ಇವು ವರ್ಷದಲ್ಲಿ ಒಂದು ಕಾಲಕ್ಕೆ ಎಲೆ ಉದುರಿಸಿ ಬೋಳಾಗುತ್ತವೆ. ನಿಂಬೆ, ಹೇರಳೆ, ಚಕ್ಕೋತ, ಸಪೋಟ, ಮಾವು, ಹಲಸು ಇವು ವರ್ಷವಿಡೀ ಹಸಿರಾಗಿರುತ್ತವೆ. ಹಾಗೆಂದು ಇವುಗಳ ಎಲೆ ಉದುರುವುದೇ ಇಲ್ಲ ಎಂದಲ್ಲ. ನಿಂಬೆ ಜಾತಿಯಲ್ಲಿ ಒಂದು ಎಲೆ ಸುಮಾರು ಒಂದೆರಡು ವರ್ಷ ಬಾಳಿ ಬೀಳುತ್ತದೆ. ಎಲ್ಲವೂ ಒಟ್ಟಿಗೆ ಬೀಳುವುದಿಲ್ಲ, ಅಷ್ಟೇ. ಆದ್ದರಿಂದ ಹಳೆಯ ಎಲೆ ನಾಲ್ಕು ಹಳದಿಯಾದರೆ ಗಾಬರಿ ಬೇಡ. ಹೊಸ ಚಿಗುರೇ ಹಳದಿಯಾಗಿ ಬಂದರೆ ಮಾತ್ರ ಏನೋ ತೊಂದರೆ ಇದೆ ಎಂದು ತಿಳಿಯಿರಿ.

ಹಿತ್ತಲು ದೊಡ್ಡದಿದ್ದರೆ ಮಾವು, ಹಲಸು, ಸಪೋಟ ಹಾಕಬಹುದು. ಸಪೋಟಕ್ಕೆ ಸುತ್ತ 30 ಅಡಿ ಜಾಗ ಬೇಕು. ನಮ್ಮಲ್ಲಿ ಹೆಚ್ಚಿನವರ ಹಿತ್ತಲು ಅಷ್ಟಿರುವುದಿಲ್ಲ. ಅಂಥವರಿಗೆ ನಾನು ಹೇಳುವುದು ಎರಡೇ ಮರ: ಒಂದು ನಿಂಬೆ, ಒಂದು ಚಕ್ಕೋತ. ನಿಂಬೆಗೆ 15ರಿಂದ 18 ಅಡಿ, ಚಕ್ಕೋತಕ್ಕೆ 20ರಿಂದ 25 ಅಡಿ ಜಾಗ ಸಾಕು.

ನಿಂಬೆಯ ಉಪಯೋಗ ನಿಮಗೆ ಹೇಳಬೇಕಾಗಿಲ್ಲ. ಚಕ್ಕೋತದ ಬಗ್ಗೆ ಎರಡು ಮಾತು ಹೇಳುತ್ತೇನೆ. ನಿಂಬೆ ಜಾತಿಯಲ್ಲೆಲ್ಲ ಅತಿ ದೊಡ್ಡ ಹಣ್ಣು ಇದರದು. ಮರ ದುಂಡಗೆ, ದಟ್ಟ ಹಸಿರಾಗಿ ನಿಲ್ಲುತ್ತದೆ. ಹೂ ಬಿಟ್ಟಾಗ ಇಡೀ ಹಿತ್ತಲು ಘಮ್ಮೆನ್ನುತ್ತದೆ. ಹಣ್ಣು ತಿಂಗಳುಗಟ್ಟಲೆ ಮರದಲ್ಲಿ ದೀಪದ ಬುಡ್ಡಿಗಳಂತೆ ತೂಗುತ್ತದೆ. ಅಂದಕ್ಕೆ ಅಂದ, ಹಣ್ಣಿಗೆ ಹಣ್ಣು. ನಮ್ಮ ದೇವನಹಳ್ಳಿಯ ಚಕ್ಕೋತಕ್ಕೆ ಅದರದೇ ಆದ ಹೆಸರಿದೆ. ಒಳಗಿನ ತೊಳೆ ಕೆಂಪು, ರುಚಿ ಸಿಹಿ, ಕಹಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಆ ಕಡೆ ಜಮೀನಿನ ಬೆಲೆ ಏರಿತು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಚಕ್ಕೋತದ ತೋಟಗಳಿದ್ದ ಎಷ್ಟೋ ಜಾಗ ಬಡಾವಣೆಯಾಯಿತು. ಈಗ ಆ ತಳಿ ಉಳಿಯಬೇಕಾದರೆ ದೊಡ್ಡ ತೋಟಗಳನ್ನು ನಂಬಿ ಕೂರುವಂತಿಲ್ಲ. ಒಂದೊಂದು ಹಿತ್ತಲಲ್ಲಿ ಒಂದೊಂದು ಮರವಾಗಿ ಉಳಿಯಬೇಕು.

ಬೀಜವೋ, ಗೂಟಿಯೋ?

ಇಲ್ಲಿ ಒಂದು ಗುಟ್ಟಿದೆ. ನಿಂಬೆಯ ಬೀಜ ಹಾಕಿದರೆ ಸಾಮಾನ್ಯವಾಗಿ ತಾಯಿ ಮರದಂತೆಯೇ ಗಿಡ ಬರುತ್ತದೆ. ಅದರ ಒಂದು ಬೀಜದಿಂದ ಒಂದಕ್ಕಿಂತ ಹೆಚ್ಚು ಮೊಳಕೆ ಏಳುತ್ತವೆ. ಅವುಗಳಲ್ಲಿ ಬಹುಪಾಲು ತಾಯಿಯ ಅಂಶದಿಂದಲೇ ಹುಟ್ಟಿದವು. ಚಕ್ಕೋತ ಹಾಗಲ್ಲ. ಒಂದು ಬೀಜಕ್ಕೆ ಒಂದೇ ಮೊಳಕೆ, ಅದರಲ್ಲಿ ತಂದೆಯ ಗುಣವೂ ಬೆರೆತಿರುತ್ತದೆ. ಮಿಶ್ರತಳಿ ಹಸುವಿನ ಕರು ತಾಯಿಯಷ್ಟೇ ಹಾಲು ಕೊಡುತ್ತದೆಂದು ನೀವು ಬರೆದುಕೊಡುತ್ತೀರಾ? ಇಲ್ಲ. ಹಾಗೆಯೇ ಇದು. ಸಂತೆಯಲ್ಲಿ ಸಿಹಿ ಹಣ್ಣು ತಿಂದು, ಬೀಜ ತಂದು ಹಾಕಿ, ಏಳೆಂಟು ವರ್ಷ ಕಾದು, ಕೊನೆಗೆ ಕಹಿ ಹಣ್ಣು ಬಿಟ್ಟಿತೆಂದು ಮರ ಕಡಿದವರನ್ನು ನಾನು ಕಂಡಿದ್ದೇನೆ.

ಆದ್ದರಿಂದ ಚಕ್ಕೋತಕ್ಕೆ ಗೂಟಿ ಅಥವಾ ಕಸಿ ಗಿಡವೇ ಆಗಬೇಕು. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಿ. ಊರಲ್ಲೇ ಒಳ್ಳೆಯ ಮರವಿದ್ದರೆ ಗೂಟಿ ನೀವೇ ಕಟ್ಟಬಹುದು. ಮಳೆಗಾಲ ಶುರುವಾದ ಮೇಲೆ ಪೆನ್ಸಿಲ್ ಗಾತ್ರದ ಆರೋಗ್ಯವಾದ ರೆಂಬೆಯನ್ನು ಆರಿಸಿಕೊಳ್ಳಿ. ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ. ಒದ್ದೆ ಮಾಡಿ ಹಿಂಡಿದ ಪಾಚಿಯನ್ನು ಆ ಜಾಗಕ್ಕೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಿ. ಎರಡು ಮೂರು ತಿಂಗಳಿಗೆ ಹಾಳೆಯ ಒಳಗೆ ಬಿಳಿ ಬೇರು ಕಾಣುತ್ತದೆ. ಆಗ ಕೆಳಗೆ ಕತ್ತರಿಸಿ ಚೀಲದಲ್ಲಿ ನೆಟ್ಟು, ಕೆಲವು ವಾರ ನೆರಳಲ್ಲಿಟ್ಟು, ಚೇತರಿಸಿಕೊಂಡ ಮೇಲೆ ನೆಲಕ್ಕಿಳಿಸಿ.

ಎಲ್ಲಿ, ಹೇಗೆ ನೆಡಬೇಕು?

ನೀರು ನಿಲ್ಲದ ಜಾಗ, ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವ ಜಾಗ. ಇವೆರಡು ಮುಖ್ಯ. ಕೊಟ್ಟಿಗೆಯ ಪಶ್ಚಿಮಕ್ಕೆ ಜಾಗವಿದ್ದರೆ ಬಹಳ ಒಳ್ಳೆಯದು. ಮರ ಬೆಳೆದ ಮೇಲೆ ಸಂಜೆಯ ಬಿಸಿಲು ಹಸುಗಳ ಮೇಲೆ ಬೀಳದಂತೆ ತಡೆಯುತ್ತದೆ. ಮಿಶ್ರತಳಿ ಹಸುಗಳಿಗೆ ಸೆಕೆ ತಡೆಯದು. ಸೆಕೆ ಹೆಚ್ಚಾದರೆ ಮೇವು ಕಡಿಮೆ ತಿನ್ನುತ್ತವೆ, ಹಾಲು ಇಳಿಯುತ್ತದೆ. ಆದರೆ ಕೊಟ್ಟಿಗೆಯ ಗೋಡೆಗೆ ಅಂಟಿಸಿ ನೆಡಬೇಡಿ. ಗಂಜಲದ ಕಾಲುವೆಯ ಪಕ್ಕದಲ್ಲೂ ಬೇಡ. 15 ಅಡಿ ದೂರವಾದರೂ ಇರಲಿ.

ಬೇಸಿಗೆಯಲ್ಲೇ ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಒಂದು ಕಡೆ ಹಾಕಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಎರಡು ಮಂಕರಿ, ಬೇವಿನ ಹಿಂಡಿ ಒಂದು ಕಿಲೋ ಬೆರೆಸಿ ಗುಂಡಿ ತುಂಬಿ. ಒಂದೆರಡು ಮಳೆ ಬಿದ್ದು ಮಣ್ಣು ಕುಳಿತ ಮೇಲೆ ಜೂನ್, ಜುಲೈ ತಿಂಗಳಲ್ಲಿ ಸಸಿ ನೆಡಿ. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟು ನೆಲದಿಂದ ಒಂದು ಗೇಣು ಮೇಲಿರಬೇಕು. ಆ ಗಂಟನ್ನು ಮಣ್ಣಲ್ಲಿ ಹೂತರೆ ಗಿಡದ ಆಯುಷ್ಯ ಅಲ್ಲಿಗೇ ಮುಗಿಯಿತು ಅನ್ನಿ. ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಬೇಕು. ಅದು ಬೇರುಗಿಡದ ಚಿಗುರು, ನಿಮಗೆ ಬೇಕಾದ ತಳಿಯದಲ್ಲ. ಮೊದಲ ಎರಡು ವರ್ಷ ಹೂ ಬಿಟ್ಟರೂ ಕಾಯಿ ನಿಲ್ಲಿಸಬೇಡಿ. ಮಡ್ಡಿ ಕಡಸಿಗೆ ಬೇಗ ಗರ್ಭ ಕಟ್ಟಿಸಿದ ಹಾಗಾಗುತ್ತದೆ.

ಇನ್ನೊಂದು ಮಾತು. ಮರಕ್ಕೆ ಹಸು ಕಟ್ಟಬೇಡಿ. ಹಗ್ಗ ಉಜ್ಜಿ ತೊಗಟೆ ಸುಲಿಯುತ್ತದೆ, ತುಳಿದು ತುಳಿದು ಬುಡದ ಮಣ್ಣು ಕಲ್ಲಾಗುತ್ತದೆ, ಗಂಜಲ ಒಂದೇ ಕಡೆ ಸುರಿದು ಬೇರು ಸುಡುತ್ತದೆ. ಮರದ ನೆರಳು ಹಸುವಿಗೆ ಬೇಕಾದರೆ ಗೂಟ ಬೇರೆ ಹೊಡೆಯಿರಿ. ಮೇಕೆ ಇರುವ ಮನೆಯವರು ಸಸಿಗೆ ಮೂರು ವರ್ಷ ಮುಳ್ಳಿನ ಬೇಲಿ ಕಟ್ಟಲೇಬೇಕು.

ಹಸಿ ಸಗಣಿಯ ಉಪಚಾರ

ಈಗ ಅತಿಯ ವಿಚಾರಕ್ಕೆ ಬರುತ್ತೇನೆ. ಬೆಳಿಗ್ಗೆ ಸಗಣಿ ಬಾಚಿ ನೇರವಾಗಿ ಮರದ ಬುಡಕ್ಕೆ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹಸಿ ಸಗಣಿ ಕಳಿಯುವಾಗ ಬಿಸಿಯಾಗುತ್ತದೆ, ಎಳೆಯ ಬೇರಿಗೆ ಏಟು ಬೀಳುತ್ತದೆ. ಗೆದ್ದಲು ಬರುತ್ತದೆ, ಗೊಣ್ಣೆ ಹುಳು ಸೇರಿಕೊಂಡು ಬೇರು ಕಡಿಯುತ್ತದೆ. ಕಾಂಡಕ್ಕೆ ತಾಗಿ ಸದಾ ಒದ್ದೆ ಇರುವುದರಿಂದ ತೊಗಟೆ ಕೊಳೆಯುತ್ತದೆ. ಸಗಣಿ ತಿಪ್ಪೆಯಲ್ಲಿ ನಾಲ್ಕಾರು ತಿಂಗಳು ಕಳಿತು, ಕಪ್ಪಾಗಿ, ವಾಸನೆ ಹೋಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಂತಾದ ಮೇಲೆ ಅದು ಗೊಬ್ಬರ. ಅಲ್ಲಿಯವರೆಗೆ ಅದು ಸಗಣಿಯೇ.

ಗೊಬ್ಬರವನ್ನೂ ಕಾಂಡದ ಬುಡಕ್ಕೆ ಹಾಕಬಾರದು. ಅನ್ನ ಉಣ್ಣುವ ಬೇರುಗಳು ಅಲ್ಲಿಲ್ಲ. ಮಧ್ಯಾಹ್ನದ ಹೊತ್ತು ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೆಯೋ ಆ ಅಂಚಿನ ಸುತ್ತ ಇರುತ್ತವೆ. ಅಲ್ಲಿ ಸುತ್ತಲೂ ಅರ್ಧ ಅಡಿ ಆಳದ ಪಾತಿ ತೆಗೆದು ಮುಂಗಾರಿನ ಆರಂಭದಲ್ಲಿ ಗೊಬ್ಬರ ಕೊಟ್ಟು ಮಣ್ಣು ಮುಚ್ಚಿ. ಎಳೆಯ ಗಿಡಕ್ಕೆ ಒಂದು ಮಂಕರಿ, ಫಲ ಬಿಡುವ ಮರಕ್ಕೆ ಮೂರು ಮಂಕರಿ. ಗೋಬರ್ ಗ್ಯಾಸ್ ಇರುವವರು ಅದರ ಬಗ್ಗಡವನ್ನು ಒಣಗಿಸಿ ಹಾಕಬಹುದು. ಗಂಜಲ ಕೊಡುವುದಾದರೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ.

ಕೊಟ್ಟಿಗೆ ತೊಳೆದ ನೀರನ್ನು ಮರಕ್ಕೆ ಬಿಡಬಹುದೇ? ಬರಿಯ ನೀರಿನಲ್ಲಿ ತೊಳೆದಿದ್ದರೆ ಬಿಡಬಹುದು, ಅದೂ ದಿನವೂ ಒಂದೇ ಮರಕ್ಕಲ್ಲ. ಫಿನಾಯಿಲ್, ಬ್ಲೀಚಿಂಗ್ ಪುಡಿ ಹಾಕಿದ ನೀರು, ವಾಷಿಂಗ್ ಸೋಡದಲ್ಲಿ ಕ್ಯಾನು ತೊಳೆದ ನೀರು ಮರದ ಕಡೆಗೆ ಹೋಗಬಾರದು. ಸೋಡ ಸೇರಿ ಸೇರಿ ಮಣ್ಣು ಗಟ್ಟಿಯಾಗಿ ಜಿಗಟಾಗುತ್ತದೆ. ನೀರನ್ನು ಒಂದು ದಿನ ತುಂಬಿಸಿ ಹದಿನೈದು ದಿನ ಮರೆಯುವುದೂ ತಪ್ಪು. ಹಾಗೆ ಮಾಡಿದರೆ ಚಕ್ಕೋತದ ಹೀಚು ಉದುರುತ್ತದೆ, ನಿಂಬೆ ಕಾಯಿ ಸಿಡಿಯುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹದವಾಗಿ ಕೊಡಿ. ಪಾತಿಯ ಮೇಲೆ ಹೊಂಗೆ ಸೊಪ್ಪೋ ಒಣಹುಲ್ಲೋ ಹಾಸಿದರೆ ತೇವ ನಿಲ್ಲುತ್ತದೆ.

ರೋಗ, ಹುಳು

ಬುಡದ ತೊಗಟೆ ಬಿರಿದು ಅಂಟು ಸೋರುತ್ತಿದ್ದರೆ ಅದು ಬುಡ ಕೊಳೆಯುವ ರೋಗ. ಇದೇ ನಮ್ಮ ಹಿತ್ತಲಿನ ನಿಂಬೆಗಳನ್ನು ಕೊಲ್ಲುವುದು. ಕಾಂಡಕ್ಕೆ ನೀರು ತಾಗದಂತೆ ಬುಡಕ್ಕೆ ಸ್ವಲ್ಪ ಮಣ್ಣು ಏರಿಸಿ, ಅದರಾಚೆ ಪಾತಿ ಮಾಡುವುದೇ ಮೊದಲ ಮದ್ದು. ಆ ಮಣ್ಣು ಕಸಿಯ ಗಂಟನ್ನು ಮುಟ್ಟಬಾರದು. ರೋಗ ಬಂದ ತೊಗಟೆಯನ್ನು ಚಾಕುವಿನಲ್ಲಿ ಹೆರೆದು ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಿ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಹಾಲಿನ ಕ್ಯಾನು, ಹಸುವಿನ ಬಾನಿ ಖಂಡಿತ ಬೇಡ. ಮುಂಗಾರಿಗೆ ಮುಂಚೆ ಕಾಂಡಕ್ಕೆ ಎರಡು ಮೂರು ಅಡಿ ಎತ್ತರದವರೆಗೆ ಬಳಿದರೆ ರೋಗ ತಡೆಯುತ್ತದೆ. ಮೈಲುತುತ್ತ ದನಕ್ಕೂ ಒಳ್ಳೆಯದಲ್ಲ, ಕುರಿಗಂತೂ ಬಹಳ ಅಪಾಯ. ಬಳಿದ ಕಾಂಡವನ್ನು ಅವು ನೆಕ್ಕದ ಹಾಗೆ ನೋಡಿಕೊಳ್ಳಿ.

ನಿಂಬೆ ಎಲೆಯಲ್ಲೂ ಕಾಯಲ್ಲೂ ಒರಟು ಕಂದು ಚುಕ್ಕೆ ಎದ್ದರೆ ಅದು ಕಜ್ಜಿ ರೋಗ. ಕಜ್ಜಿ ಬಂದ ರೆಂಬೆಯನ್ನು ಒಣ ದಿನಗಳಲ್ಲಿ ಕತ್ತರಿಸಿ ಸುಡಿ. ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾಗಿ, ಎಲೆ ಚಿಕ್ಕದಾದರೆ ಸತುವಿನ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿ ಹೊಸ ಚಿಗುರಿಗೆ ಸಿಂಪಡಿಸಬೇಕು. ರೆಂಬೆಯ ಮೇಲೆ ಬದನಿಕೆ ಬೆಳೆದಿದ್ದರೆ ಹೂ ಬಿಡುವ ಮೊದಲೇ ರೆಂಬೆ ಸಮೇತ ತೆಗೆಯಿರಿ.

ಎಳೆ ಚಿಗುರು ರಾತ್ರೋರಾತ್ರಿ ಬೋಳಾದರೆ ನಿಂಬೆ ಚಿಟ್ಟೆಯ ಹುಳು. ಚಿಕ್ಕದಾಗಿರುವಾಗ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಎಲೆಯಂತೆಯೇ ಹಸಿರು. ಒಂದೆರಡು ಮರಕ್ಕೆ ಔಷಧಿ ಏಕೆ? ಬೆಳಿಗ್ಗೆ ಮಕ್ಕಳನ್ನು ಕರೆದು ಆರಿಸಿ ಕೋಳಿಗೆ ಹಾಕಿ. ಎಲೆಯ ಮೇಲೆ ಬೆಳ್ಳಿಗೆರೆ ಎಳೆಯುವ ರಂಗೋಲಿ ಹುಳುವಿಗೆ ಬೇವಿನ ಬೀಜದ ಕಷಾಯ ಸಾಕು. 50 ಗ್ರಾಂ ಬೀಜ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಶೋಧಿಸಿ, ಚಿಟಿಕೆ ಸೋಪಿನ ಪುಡಿ ಸೇರಿಸಿ ಸಂಜೆ ಸಿಂಪಡಿಸಿ.

ನಮ್ಮ ಮನೆಯಲ್ಲಿ ನಡೆದದ್ದು

ಇಷ್ಟೆಲ್ಲ ಹೇಳುವ ನಾನು ಒಂದು ಕಾಲದಲ್ಲಿ ಬೇರೆ ರೀತಿ ಮಾಡಿದ್ದೆ. ಅದನ್ನು ಮುಚ್ಚಿಡಬಾರದು ಎಂದು ಹೇಳುತ್ತಿದ್ದೇನೆ.

ನಮ್ಮ ಹಿತ್ತಲಿನ ನಿಂಬೆಗೆ ಹುಳು ಬಿದ್ದಿತ್ತು. ಆರಿಸಲು ಸೋಮಾರಿತನ. ಅಂಗಡಿಯಿಂದ ಒಂದು ಕೀಟನಾಶಕ ತಂದು ಬೆಳಿಗ್ಗೆ ಸಿಂಪಡಿಸಿ, ಕೈ ತೊಳೆದು ಕೆಲಸಕ್ಕೆ ಹೋದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ಮರದ ಕೆಳಗೆ ಸೊಗಸಾದ ಹುಲ್ಲು ಬೆಳೆದಿತ್ತು. ನಮ್ಮ ಅಮ್ಮ ಮಧ್ಯಾಹ್ನ ಅದನ್ನು ಕೊಯ್ದು ಹಸುವಿಗೆ ಹಾಕಿದರು. ಸಂಜೆ ನಾನು ಬರುವ ಹೊತ್ತಿಗೆ ಹಸುವಿನ ಬಾಯಲ್ಲಿ ಜೊಲ್ಲು ಧಾರೆಯಾಗಿ ಸುರಿಯುತ್ತಿತ್ತು. ಮೈ ನಡುಗುತ್ತಿತ್ತು, ಉಸಿರಾಡಲು ಕಷ್ಟಪಡುತ್ತಿತ್ತು. ನೋಡಿದ ತಕ್ಷಣ ನನಗೆ ಗೊತ್ತಾಯಿತು.

ಪಶುವೈದ್ಯರು ಬಂದವರೇ ಕೇಳಿದ ಮೊದಲ ಮಾತು, "ಡಬ್ಬಿ ತನ್ನಿ." ಡಬ್ಬಿ ಇದ್ದದ್ದರಿಂದ ಯಾವ ವಿಷ ಎಂದು ತಿಳಿಯಿತು. ಅಟ್ರೋಪಿನ್ ಚುಚ್ಚುಮದ್ದು ಕೊಟ್ಟರು. ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕುಳಿತಿದ್ದೆವು. ಬೆಳಗಿನ ಜಾವಕ್ಕೆ ಹಸು ಮೆಲುಕು ಹಾಕಿತು. ವೈದ್ಯರು ಸರಿ ಎನ್ನುವವರೆಗೆ ಹಾಲನ್ನು ಕರೆದು ಗುಂಡಿಗೆ ಚೆಲ್ಲಿದೆವು. ಡೈರಿಗೂ ಹಾಕಲಿಲ್ಲ, ಕರುವಿಗೂ ಬಿಡಲಿಲ್ಲ. ಹಸು ಉಳಿಯಿತು. ಆದರೆ ಅಮ್ಮ ಮಾತ್ರ "ಹುಲ್ಲು ಕೊಯ್ದವಳು ನಾನು" ಎಂದು ಬಹಳ ದಿನ ಕೊರಗಿದರು. ತಪ್ಪು ಅವರದಾಗಿರಲಿಲ್ಲ. ಔಷಧಿ ಹೊಡೆದವನು ನಾನು, ಹೇಳದೆ ಹೋದವನೂ ನಾನು.

ತಾಯಂದಿರೇ, ಅಂದು ಹಸು ತಿಂದು ನಡುಗಿದ್ದರಿಂದ ನಮಗೆ ಗೊತ್ತಾಯಿತು. ಪ್ರಮಾಣ ಕಡಿಮೆಯಿದ್ದಿದ್ದರೆ ಹಸು ನಡುಗುತ್ತಿರಲಿಲ್ಲ, ನಾವು ಹಾಲನ್ನು ಎಂದಿನಂತೆ ಡೈರಿಗೆ ಹಾಕುತ್ತಿದ್ದೆವು. ಕೆಲವು ವಿಷಗಳು ಕೊಬ್ಬಿನಲ್ಲಿ ಸೇರಿಕೊಂಡು ಹಾಲಿನ ಜಿಡ್ಡಿನ ಜೊತೆ ಹೊರಗೆ ಬರುತ್ತವೆ. ಹಿಂದೆ ಮನೆಮನೆಯಲ್ಲಿದ್ದ ಬಿಎಚ್‌ಸಿ ಪುಡಿ ಅಂಥದ್ದು. ಅದನ್ನು 1997ರಲ್ಲಿ ನಿಷೇಧಿಸಿದರು. ಎಂಡೋಸಲ್ಫಾನ್ 2011ರಲ್ಲಿ ನಿಂತಿತು. ಅಟ್ಟದ ಮೇಲೆ ಹಳೆಯ ಡಬ್ಬಿ, ಪುಡಿಯ ಪೊಟ್ಟಣ ಇದ್ದರೆ ಬಳಸಬೇಡಿ. ಕೆರೆಗೂ ತಿಪ್ಪೆಗೂ ಎಸೆಯಬೇಡಿ. ಮಕ್ಕಳ ಕೈಗೆ ಸಿಗದಂತೆ ಇಟ್ಟು ಕೃಷಿ ಇಲಾಖೆಯವರನ್ನು ಕೇಳಿ.

ನಮ್ಮ ಹೆಚ್ಚಿನ ಮನೆಗಳಲ್ಲಿ ಔಷಧಿ ಹೊಡೆಯುವವರು ಗಂಡಸರು, ಹುಲ್ಲು ಕೊಯ್ಯುವವರು ಹೆಂಗಸರು. ಇವರಿಬ್ಬರ ನಡುವೆ ಒಂದು ಮಾತು ತಪ್ಪಿದರೆ ಹಸು ಹೋಗುತ್ತದೆ. ಆದ್ದರಿಂದ ಇವಿಷ್ಟನ್ನು ಮನೆಯ ಕಟ್ಟಳೆ ಮಾಡಿಕೊಳ್ಳಿ.

ಹಿತ್ತಲಿನ ಮರಕ್ಕೆ ಕೈಯಿಂದ ಆರಿಸುವುದು, ಬೇವಿನ ಕಷಾಯ, ಬೋರ್ಡೋ, ಇವುಗಳನ್ನು ಮೀರಿ ಹೋಗಬೇಡಿ.

ಮೀರಿ ಹೋಗಲೇಬೇಕಾದರೆ ಡಬ್ಬಿಯ ಮೇಲಿನ ಗುರುತು ನೋಡಿ. ಓದು ಬರದವರೂ ಬಣ್ಣ ನೋಡಬಹುದು. ಗುರುತಿನ ಕೆಳಗಿನ ಅರ್ಧ ಕೆಂಪಾಗಿದ್ದರೆ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಹಸಿರು ಎಂದರೂ ಅದು ಕುಡಿಯುವ ಪದಾರ್ಥವಲ್ಲ.

ಸಿಂಪಡಿಸಿದ ಮರಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ. ಬಟ್ಟೆ ಇರುವವರೆಗೆ ಅದರ ಕೆಳಗಿನ ಹುಲ್ಲಿಗೆ ಕುಡುಗೋಲು ಹಾಕಬಾರದು, ಅಲ್ಲಿಗೆ ಕರು ಬಿಡಬಾರದು. ಎಷ್ಟು ದಿನ ಎಂದು ಡಬ್ಬಿಯ ಚೀಟಿ ನೋಡಿ, ಇಲ್ಲವೇ ವೈದ್ಯರನ್ನು ಕೇಳಿ.

ಹೊಡೆಯುವ ಮೊದಲು ಮನೆಯವರಿಗೆಲ್ಲ ಹೇಳಬೇಕು. ಅವರು ಹೇಳದಿದ್ದರೆ ನೀವೇ ಕೇಳಿ, "ಇವತ್ತು ಯಾವ ಮರಕ್ಕೆ ಹೊಡೆದಿರಿ?" ಎಂದು. ಕೇಳುವುದಕ್ಕೆ ಸಂಕೋಚ ಬೇಡ.

ಕೊನೆಯ ಮಾತು

ಬೆಳಿಗ್ಗೆ ಕ್ಯಾನು ಹೊತ್ತು ಡೈರಿಗೆ ಹೋಗಿ, ಪರೀಕ್ಷೆ ಮಾಡಿಸಿ, ಚೀಟಿ ತರುತ್ತೀರಿ. ಆ ಚೀಟಿಯಲ್ಲಿ ಜಿಡ್ಡು ಬರೆದಿರುತ್ತದೆ. ಹಿತ್ತಲನ್ನು ಎಷ್ಟು ಶುದ್ಧವಾಗಿಟ್ಟಿದ್ದೀರಿ ಎಂಬುದನ್ನು ಅದರಲ್ಲಿ ಬರೆದಿರುವುದಿಲ್ಲ. ಅದು ನಿಮ್ಮ ಕೈಯಲ್ಲೇ ಇದೆ. ಆ ಹಾಲು ಕುಡಿಯುವ ಮಗು ಯಾವ ಊರಿನದೋ ನಮಗೆ ಗೊತ್ತಿಲ್ಲ. ನಮ್ಮ ಮನೆಯ ಮಗುವಿನ ಹಾಗೆಯೇ ಅದೂ ಒಂದು ಮಗು.

ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ನಿಮ್ಮ ಸಂಘದ ಊರಲ್ಲಿ ಒಳ್ಳೆಯ ಚಕ್ಕೋತದ ಮರ ಯಾರ ಹಿತ್ತಲಲ್ಲಿದೆ ಎಂದು ವಿಚಾರಿಸಿ. ಮರದ ಯಜಮಾನರನ್ನು ಕೇಳಿ, ಈ ಮುಂಗಾರಿಗೆ ಹತ್ತು ಗೂಟಿ ಕಟ್ಟಿ. ಮುಂದಿನ ಮುಂಗಾರಿಗೆ ಹತ್ತು ಮನೆಗೆ ಸಸಿ ಆಗುತ್ತದೆ. ಒಬ್ಬರ ಹಸುವಿನ ಹಾಲಿನಿಂದ ಸಂಘ ಆಗುವುದಿಲ್ಲ, ಎಲ್ಲರ ಮನೆಯ ಹಾಲು ಸೇರಿದರೆ ಆಗುತ್ತದೆ. ಒಂದು ತಳಿ ಉಳಿಯುವುದೂ ಹಾಗೆಯೇ.